ನಿಮ್ಮವ್ವ ಎಲ್ಲಿ ಕುಂದರ್ತಾರ?

ಹತ್ತೊಂಬತ್ತು ತುಂಬುವವರೆಗೆ ನನ್ನನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ಕಂಪ್ಲಿಯ ನಮ್ಮ ಓಣಿಯಲ್ಲಿ ನಾನು 'ಏ ಹುಡುಗಿ'. ಅವ್ವ ಭತ್ತದ ನಾಟಿಗೆ ಹೋಗುತ್ತಿದ್ದ ಗದ್ದೆಯ ಒಡೆಯರಿಗೆ 'ಅಕಿ ಮಗಳು'. ಹೊಸಪೇಟೆಯ ಕಾಲೇಜಿಗೆ ಬಿ.ಎ. ಸೇರಿದ ಮೊದಲ ವಾರ ಬಸ್ಸು ತಡವಾಗಿ, ತರಗತಿಯ ಬಾಗಿಲಲ್ಲಿ ಹೆದರಿ ನಿಂತಿದ್ದೆ. ರಾಜ್ಯಶಾಸ್ತ್ರದ ಸರ್ ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಬರ್ರಿ, ಕುಂದ್ರಿ. ಕಂಪ್ಲಿ ಬಸ್ಸಲ್ಲ? ಅದು ಬರೂದಽ ಹಂಗ," ಅಂದರು.

ನಾನು ತಿರುಗಿ ಹಿಂದೆ ನೋಡಿದೆ. ನನ್ನ ಬೆನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕು ಅಂದುಕೊಂಡಿದ್ದೆ.

ಆ ಸರ್ ಈ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ಬಾಯಿಂದ ಒಮ್ಮೆ ಅವರ ಮೇಲೆ ಬಂದ ಮಾತು ಅವರ ಕೆಲಸವನ್ನೇ ತೆಗೆಯಿತು. ಆಮೇಲೆ ಅವರ ಹೆಸರು ಹೇಳಿ ಹೊಗಳುವ ಧೈರ್ಯ ನನಗೆ ಬಂದಿಲ್ಲ.

ಅವರು ಸಂಡೂರು ಕಡೆಯ ಹಳ್ಳಿಯವರು. ಅಪ್ಪ ಗಣಿಯಲ್ಲಿ ಅದಿರು ಒಡೆಯುವ ಕೂಲಿ ಮಾಡಿದ್ದವರು. ಅಪ್ಪನ ಕಾಲದಲ್ಲೇ ಮನೆಯವರೆಲ್ಲ ಬೌದ್ಧರಾಗಿದ್ದರಂತೆ. ನಮ್ಮ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕರು. 'ಅತಿಥಿ' ಅಂದರೆ ವರ್ಷ ಮುಗಿದ ಮೇಲೆ ಮತ್ತೆ ಕರೆದರೆ ಬರಬೇಕು, ಕರೆಯದಿದ್ದರೆ ಇಲ್ಲ. ಅದನ್ನು ಅವರು ನಗುತ್ತ ಹೇಳುತ್ತಿದ್ದರು. "ನಾನು ಇಲ್ಲಿ ಬೀಗರ ಇದ್ದಂಗ್ರಿ. ಊಟ ಹಾಕ್ತಾರ, ಇರ್ರಿ ಅನ್ನೂದಿಲ್ಲ."

ಸಣಕಲು ಮೈ, ಸೊಂಟದ ಬಳಿ ಯಾವಾಗಲೂ ಸೀಮೆಸುಣ್ಣದ ಕೈಗುರುತು. ಬರೆದಾದ ಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು ಅವರ ಅಭ್ಯಾಸ. ವಿದ್ಯಾರ್ಥಿ ಎದ್ದು ಮಾತಾಡತೊಡಗಿದರೆ ಅವರು ವೇದಿಕೆ ಇಳಿದು ಬಂದು ಖಾಲಿ ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ಒಮ್ಮೆ ಪ್ರಾಂಶುಪಾಲರು ಕಿಟಕಿಯಲ್ಲಿ ಅದನ್ನು ಕಂಡು, "ಹುಡುಗರ ಜೊತೆ ಕೂತ್ಕೊಂಡ್ರೆ ಶಿಸ್ತು ಹೇಗೆ ಬರುತ್ತೆ?" ಎಂದು ಕೇಳಿದ್ದರು. ಸರ್ ಎದ್ದು ನಿಂತು, "ಅವರು ಹೇಳಾಕತ್ತಾರ ಸರ್, ನಾ ಕೇಳಾಕತ್ತೀನಿ," ಅಂದಿದ್ದರು. ಪ್ರಾಂಶುಪಾಲರು ಹೋದ ಮೇಲೆ ಮತ್ತೆ ಕೂತರು.

ಅವರು ಕಲಿಸುತ್ತಿದ್ದುದು ಪ್ರಾಚೀನ ರಾಜ್ಯವ್ಯವಸ್ಥೆ. ಆದರ್ಶ ರಾಜ್ಯ ಹೇಗಿರಬೇಕು ಎಂದು ಹಿಂದಿನವರು ಏನೇನು ಯೋಚಿಸಿದ್ದರು ಎನ್ನುವುದು ಅದರಲ್ಲಿ ಒಂದು ಪಾಠ. ಉಳಿದವರಿಗೆ ಅದು ಹತ್ತು ಅಂಕದ ಪ್ರಶ್ನೆ. ನನಗೆ ಅದು ಹುಚ್ಚು ಹಿಡಿಸಿತು. ತಿಳಿದವರೇ ಆಳಬೇಕು ಎಂದ ಗ್ರೀಸಿನ ಜ್ಞಾನಿಗಳು, ರಾಜನಿಲ್ಲದೆ ಸಭೆ ಸೇರಿ ತೀರ್ಮಾನ ಮಾಡುತ್ತಿದ್ದ ನಮ್ಮ ಗಣರಾಜ್ಯಗಳು, ಓಲೆಯಲ್ಲಿ ಹೆಸರು ಬರೆದು ಗಡಿಗೆಗೆ ಹಾಕಿ ಊರಿನ ಸಮಿತಿ ಆರಿಸುತ್ತಿದ್ದ ತಮಿಳುನಾಡಿನ ಹಳ್ಳಿಗಳು. ಕಂಪ್ಲಿ ಬಸ್ಸಿನಲ್ಲಿ ನಿಂತು ಬರುವಾಗೆಲ್ಲ ನಾನು ಮನಸ್ಸಿನಲ್ಲೇ ರಾಜ್ಯ ಕಟ್ಟುತ್ತಿದ್ದೆ. ಅದರಲ್ಲಿ ಕಾಲುವೆ ನೀರು ಕೊನೆಯ ಗದ್ದೆಗೂ ಹರಿಯುತ್ತಿತ್ತು, ಎಲ್ಲರೂ ನಿಜ ಹೇಳುತ್ತಿದ್ದರು, ಸಭೆಯ ನಡುವೆ ನಾನು ನಿಂತು ಮಾತಾಡುತ್ತಿದ್ದೆ.

ಒಂದು ದಿನ ಆ ಗಡಿಗೆಯ ಚುನಾವಣೆಯ ಬಗ್ಗೆ ತರಗತಿಯಲ್ಲಿ ಉತ್ಸಾಹದಿಂದ ಹೇಳಿದೆ. ಎಂಥ ನ್ಯಾಯ, ಲೆಕ್ಕ ಕೊಡದವನಿಗೆ ಮತ್ತೆ ಅವಕಾಶವೇ ಇರಲಿಲ್ಲ ಅಂದೆ. ಸರ್ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಭಾಳ ಚಲೋ ಹೇಳಿದ್ರಿ. ಆ ಸಭೆಯೊಳಗ ನಿಮ್ಮವ್ವ ಎಲ್ಲಿ ಕುಂದರ್ತಾರ?"

ನಾನು ಕೂತುಬಿಟ್ಟೆ. ಭೂಮಿ ಇದ್ದವರ ಹೆಸರು ಮಾತ್ರ ಆ ಗಡಿಗೆಗೆ ಬೀಳುತ್ತಿತ್ತು ಎಂದು ಪುಸ್ತಕದಲ್ಲೇ ಇತ್ತು. ಓದುವಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಡೀ ತರಗತಿಯ ಮುಂದೆ ಅವ್ವನ ಮಾತು ಬಂದದ್ದಕ್ಕೆ ನನ್ನ ಕಿವಿ ಬಿಸಿಯಾಗಿತ್ತು. ಅವ್ವ ಏನು ಕೆಲಸ ಮಾಡುತ್ತಾಳೆ ಎಂದು ಗೆಳತಿಯರಿಗೆ ನಾನು ಹೇಳಿರಲಿಲ್ಲ.

ಆ ಪ್ರಶ್ನೆಯನ್ನು ಅವರು ನನಗೊಬ್ಬಳಿಗೇ ಕೇಳಿದ್ದಲ್ಲ. ಯಾರು ಯಾವ ಆದರ್ಶ ರಾಜ್ಯ ತಂದು ಮುಂದಿಟ್ಟರೂ ಅದನ್ನೇ ಕೇಳುತ್ತಿದ್ದರು. ಗ್ರೀಸಿಗೂ ಅದೇ, ಗಣರಾಜ್ಯಕ್ಕೂ ಅದೇ. ತಾವು ಬಹಳ ಪ್ರೀತಿಯಿಂದ ಹೇಳುತ್ತಿದ್ದ ಬೌದ್ಧ ಸಂಘದ ಪಾಠಕ್ಕೂ ತಾವೇ ಆ ಪ್ರಶ್ನೆ ಹಾಕಿಕೊಂಡು, "ಅಲ್ಲೂ ಹೆಣ್ಣುಮಕ್ಕಳು ಬಾಗಿಲ ಹೊರಗ ಭಾಳ ದಿನ ನಿಂದ್ರಬೇಕಾತು. ಅದನ್ನ ಮುಚ್ಚಿಡಬಾರದ್ರಿ," ಅನ್ನುತ್ತಿದ್ದರು.

ಎರಡನೇ ವರ್ಷ ನಮ್ಮನ್ನು ಹಂಪಿಗೆ ಕರೆದುಕೊಂಡು ಹೋದರು. ಹಂಪಿ ಬಜಾರಿನ ಕಲ್ಲಿನ ಸಾಲುಮಂಟಪದ ನೆರಳಲ್ಲಿ ನಮ್ಮನ್ನು ಕೂರಿಸಿ ಗಣರಾಜ್ಯದ ಸಭೆ ಮಾಡಿಸಿದರು. ಹಿಂದೆ ಬಣ್ಣದ ಕಡ್ಡಿಗಳಿಂದ ಮತ ಹಾಕುತ್ತಿದ್ದರು ಎಂದು ಹೇಳಿ, ಒಬ್ಬೊಬ್ಬರ ಕೈಗೂ ಒಂದು ಬೇವಿನ ಕಡ್ಡಿ, ಒಂದು ಕಸಬರಿಗೆ ಕಡ್ಡಿ ಕೊಟ್ಟರು. ಪ್ರಶ್ನೆ ಸಣ್ಣದು: ಮಧ್ಯಾಹ್ನದ ಬುತ್ತಿ ಬಿಚ್ಚುವುದು ಹೊಳೆದಂಡೆಯಲ್ಲೋ, ಗುಡಿಯ ಕಡೆಯೋ? ಹೊಳೆ ಗೆದ್ದಿತು. ಹುಡುಗರು ಎದ್ದು ಹೊರಟೇಬಿಟ್ಟರು.

"ಕುಂದ್ರಿ, ಕುಂದ್ರಿ," ಅಂದರು ಸರ್. "ಎಣಿಕಿ ಆದ ಮ್ಯಾಲೆ ಸೋತವರನ್ನ ಕೇಳಬೇಕು. ಸಭೆ ಚಾಲೂ ಆಗೂದಽ ಅಲ್ಲಿಂದ."

ಸೋತವರಲ್ಲಿ ನಾನಿದ್ದೆ. ಅವ್ವ ನಸುಕಿನಲ್ಲೇ ನಾಟಿಗೆ ಹೋಗಿದ್ದಳು, ನನ್ನ ಹತ್ತಿರ ಬುತ್ತಿ ಇರಲಿಲ್ಲ. ಗುಡಿಯಲ್ಲಾದರೆ ಪ್ರಸಾದದ ಊಟ ಸಿಗುತ್ತದೆ ಎಂದು ಬೇವಿನ ಕಡ್ಡಿ ಹಾಕಿದ್ದೆ. ಯಾಕೆ ಎಂದು ಸರ್ ಕೇಳಿದಾಗ, "ಕಾಲು ನೋಯಾಕತ್ತಾವ್ರಿ ಸರ್, ಹೊಳಿತನಕ ಆಗೂದಿಲ್ಲ," ಅಂದೆ.

ಅವರು ನನ್ನ ಚೀಲದ ಕಡೆ ಒಮ್ಮೆ ನೋಡಿದರು. ಅದು ಚಪ್ಪಟೆಯಾಗಿತ್ತು. "ಒಬ್ಬರ ಕಾಲು ನೋಯ್ತಾವಂದ್ರ ಎಲ್ಲರೂ ಗುಡಿಗೇ ಹೋಗೂಣ್ರಿ. ನನಗೂ ಇವತ್ತು ಪ್ರಸಾದ ಉಣ್ಣಬೇಕನಿಸೈತಿ," ಅಂದರು. ಅವರ ಕೈಯಲ್ಲೇ ಅವರ ಬುತ್ತಿ ಇತ್ತು. ಸಾಲಿನಲ್ಲಿ ನನ್ನ ಪಕ್ಕ ಕೂತು ಪ್ರಸಾದ ಉಂಡರು, ಬುತ್ತಿಯನ್ನು ಬಿಚ್ಚದೆ ವಾಪಸು ಒಯ್ದರು. ನಾನು ಹೇಳಿದ ಮೊದಲ ಸುಳ್ಳನ್ನು ಅವರು ಹೀಗೆ ಕಾಪಾಡಿದರು.

ಎರಡನೆಯದು ಮೂರನೇ ವರ್ಷದ ಕೊನೆಗೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಪ್ರಬಂಧ ಸ್ಪರ್ಧೆ ಇತ್ತು, ವಿಷಯ 'ಆದರ್ಶ ರಾಜ್ಯ: ಅಂದು ಮತ್ತು ಇಂದು'. ನಾನು ಹದಿನೈದು ದಿನ ಕೂತು ಬರೆದೆ. ಕೊನೆಯಲ್ಲಿ ಹೀಗೊಂದು ಮಾತು ಹಾಕಿದ್ದೆ: 'ನಮ್ಮ ಹಂಪಿಯ ಬೀದಿಯಲ್ಲಿ ಮುತ್ತುರತ್ನ ಅಳೆದು ಮಾರಿದರು ಎಂದು ಎಲ್ಲರೂ ಹೇಳುತ್ತಾರೆ. ಕಲ್ಲು ಹೊತ್ತವರು ಎಲ್ಲಿ ಮಲಗುತ್ತಿದ್ದರು ಎಂದು ಯಾರೂ ಹೇಳುವುದಿಲ್ಲ. ಅವರನ್ನು ಕೇಳದೆ ಕಟ್ಟಿದ ರಾಜ್ಯವನ್ನು ನಾನು ಆದರ್ಶ ಎನ್ನಲಾರೆ.' ಕರಡನ್ನು ಸರ್‌ಗೆ ತೋರಿಸಿದೆ. ಅವರು ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಬರೆದರು: 'ಎಲ್ಲಿ ಮಲಗುತ್ತಿದ್ದರು ಎಂದು ನೀವು ಹುಡುಕಿದಿರಾ? ಹುಡುಕದೆ ಬರೆಯಬೇಡಿ. ತೆಗೆಯಿರಿ ಅಥವಾ ಹುಡುಕಿರಿ.' ನಾನು ತೆಗೆಯಲಿಲ್ಲ, ಹುಡುಕಲೂ ಇಲ್ಲ. ಆ ಸಾಲು ಕೇಳಲು ಚೆನ್ನಾಗಿತ್ತು, ಅಷ್ಟೇ.

ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ಓದಿದೆ. ಮುಖ್ಯ ಅತಿಥಿಗಳಾಗಿ ಬಂದಿದ್ದ ಊರಿನ ಹಿರಿಯರೊಬ್ಬರ ಮುಖ ಕೆಂಪಾದದ್ದು ನನಗೆ ಕಾಣಲಿಲ್ಲ, ಚಪ್ಪಾಳೆ ಕೇಳಿಸುತ್ತಿತ್ತು. ಮರುದಿನ ಅವರೂ ಇನ್ನಿಬ್ಬರೂ ಬಂದು ಪ್ರಾಂಶುಪಾಲರ ಕೋಣೆಯಲ್ಲಿ ಕೂತಿದ್ದರು. ನನಗೆ ಕರೆ ಬಂತು. ಹೋದಾಗ ಸರ್ ಆಗಲೇ ಗೋಡೆಗೆ ಒತ್ತಿ ನಿಂತಿದ್ದರು.

"ನಮ್ಮ ಹಿರೇರು ಕಟ್ಟಿದ ರಾಜ್ಯಕ್ಕ ಹಿಂಗಂತಾರೇನು?" ಎಂದು ಆ ಹಿರಿಯರು ಮೇಜಿನ ಮೇಲಿದ್ದ ನನ್ನ ಪ್ರಬಂಧವನ್ನು ಬೆರಳಿಂದ ತಟ್ಟಿದರು.

ಪ್ರಾಂಶುಪಾಲರು ನನ್ನನ್ನು ನೋಡಿ, "ಇದು ನಿನ್ನ ಮಾತೋ, ಯಾರಾದ್ರೂ ಬರೆಸಿದ್ರೋ? ಸರಿಯಾಗಿ ಹೇಳು. ಹಾಲ್ ಟಿಕೆಟ್ ಇನ್ನೂ ನನ್ನ ಹತ್ರನೇ ಇವೆ," ಅಂದರು.

ಕೆಂಪು ಶಾಯಿಯ ಕರಡು ನನ್ನ ಹೆಗಲ ಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು.

"ಸರ್ ಬರೆಸಿದ್ರು," ಅಂದೆ.

ನಾನು ಗೋಡೆಯ ಕಡೆ ನೋಡಲಿಲ್ಲ. ಅವರು ಕೆಮ್ಮಿದ್ದು ಕೇಳಿಸಿತು. ಆಮೇಲೆ ಅವರ ಮಾತು. "ಹೌದ್ರಿ ಸರ್. ನಾನಽ ಬರೆಸಿದ್ದು. ಇವರದೇನೂ ತಪ್ಪಿಲ್ಲ, ಇವರನ್ನ ಕಳಿಸಿಬಿಡ್ರಿ."

ಅಂಥ ಹೊತ್ತಿನಲ್ಲೂ 'ಇವರು' ಅಂದರು. ನನ್ನನ್ನು ಹೊರಗೆ ಕಳಿಸಿದರು. ಒಳಗೆ ಏನಾಯಿತೋ ಗೊತ್ತಿಲ್ಲ. ಪರೀಕ್ಷೆ ಮುಗಿಯುವವರೆಗೂ ಅವರು ಪಾಠ ಮಾಡಿದರು, ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾನು ಹಿಂದಿನ ಬೆಂಚಿಗೆ ಹೋಗಿ ಕೂತೆ. ಮುಂದಿನ ವರ್ಷ ಅವರನ್ನು ಕರೆಯಲಿಲ್ಲ ಎಂದು ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಳು. ನಾನು "ಹೌದಾ?" ಅಂದೆ.

ಅದೇ ವರ್ಷ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಸಂಡೂರು ಬಸ್ಸಿಗೆ ಕಾಯುತ್ತಿದ್ದರು, ಅಂಗಿಯ ಮೇಲೆ ಅದಿರಿನ ಕೆಂಪು ಧೂಳು. ಗಣಿಯ ಲಾರಿಗಳನ್ನು ತೂಗುವ ಕಡೆ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದರಂತೆ, ಅದು ಆಮೇಲೆ ತಿಳಿದದ್ದು. ಅವರೂ ನನ್ನನ್ನು ನೋಡಿದರು. ಕೈ ಅರ್ಧ ಎತ್ತಿದರು. ನಾನು ತಿರುಗಿ ಕಂಪ್ಲಿ ಬಸ್ಸು ಹತ್ತಿದೆ. ಅದು ಹೊರಡಲು ಇನ್ನೂ ಹೊತ್ತಿತ್ತು. ಕಿಟಕಿಯ ಪಕ್ಕ ಕೂರದೆ ಆಚೆಯ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ನಾನು ಪರೀಕ್ಷೆ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಜನ ಹೇಳುವ ಹಾಗೆ ಪಿಡಿಒ, ಆದೆ. ಸಂದರ್ಶನಗಳಲ್ಲಿ, ತರಬೇತಿಯಲ್ಲಿ ಗ್ರಾಮಸಭೆಯ ಬಗ್ಗೆ ಮಾತು ಬಂದರೆ ಗಣರಾಜ್ಯಗಳಿಂದ ಶುರು ಮಾಡುತ್ತಿದ್ದೆ. ಎಲ್ಲರೂ ಮೆಚ್ಚುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ, ಓದಿಕೊಂಡೆ ಅನ್ನುತ್ತಿದ್ದೆ.

ಕೆಲವು ವರ್ಷ ಅಲ್ಲಿ ಇಲ್ಲಿ ತಿರುಗಿ ಸಂಡೂರು ತಾಲೂಕಿನ ಒಂದು ಪಂಚಾಯಿತಿಗೆ ವರ್ಗವಾಗಿ ಹೋದೆ. ಅದು ಅವರ ಊರು ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಗ್ರಾಮಸಭೆಗೆ ಇಪ್ಪತ್ತು ಜನ ಬಂದಿದ್ದರು. ಸದಸ್ಯೆಯರ ಕುರ್ಚಿಗಳಲ್ಲಿ ಅವರ ಗಂಡಂದಿರು ಕೂತಿದ್ದರು. ಜಮಖಾನೆಯ ಹಿಂದಿನ ಅಂಚಿನಲ್ಲಿ ಒಬ್ಬರು ಮಂಡಿ ಮಡಚಿ ಕೂತಿದ್ದರು. ಕೂದಲು ಪೂರ್ತಿ ನರೆತಿತ್ತು. ಕೆಮ್ಮಿದಾಗ ಗುರುತು ಸಿಕ್ಕಿತು.

ನಾನು ಕಾರ್ಯಸೂಚಿಯನ್ನು ಬೇಗ ಬೇಗ ಓದಿ ಮುಗಿಸಿದೆ. ಅವರು ಎದ್ದು ನಿಂತರು.

"ಪಿಡಿಒ ಮೇಡಮ್ಮೋರೆ, ಒಂದು ಮಾತು. ಹೆಣ್ಣುಮಕ್ಕಳು ಎಲ್ಲಿ ಕುಂದರ್ತಾರ್ರಿ?"

"ಕೂಲಿಗೆ ಹೋಗ್ಯಾರ್ರಿ," ಅಂದರು ಅಧ್ಯಕ್ಷೆಯ ಗಂಡ, ನನಗಿಂತ ಮೊದಲು.

"ಹಂಗಾರ ಕೂಲಿ ಇಲ್ಲದ ದಿನ ಕರೀರಿ," ಎಂದು ಹೇಳಿ ಕೂತರು.

ಹಾಜರಾತಿಗೆ ಬೇಕಾದಷ್ಟು ಸಹಿ ಇರಲಿಲ್ಲ. ಅಲ್ಲಿನ ರೂಢಿಯ ಹಾಗೆ ಬಿಲ್ ಕಲೆಕ್ಟರ್ ಪುಸ್ತಕ ಹಿಡಿದು ಮನೆ ಮನೆಗೆ ಹೋದ. ಬೇಡ ಎಂದು ನಾನು ಹೇಳಲಿಲ್ಲ. ಸಂಜೆ ಪುಸ್ತಕ ತುಂಬಿ ಬಂತು. ಒಂದು ಕಡೆ ಮಾತ್ರ ಸಹಿಯ ಬದಲು ಒಂದು ಸಾಲಿತ್ತು, ನನಗೆ ಚೆನ್ನಾಗಿ ಗೊತ್ತಿದ್ದ ಅಕ್ಷರ: 'ನಾನು ಬಂದಿದ್ದೆ. ಸಭೆ ಬಂದಿರಲಿಲ್ಲ.'

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ಅಂಗನವಾಡಿ ಕಾರ್ಯಕರ್ತೆ, ಕೆಲಸಕ್ಕೆ ಹೊರಟವರು ನನ್ನನ್ನು ನೋಡಿ ಚಹಾಕ್ಕೆ ಇಟ್ಟರು. ಸರ್ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು.

"ಸರ್, ಅವತ್ತು ನಾನು ಸುಳ್ಳು ಹೇಳಿದೆ," ಅಂದೆ.

"ಗೊತ್ತೈತಲ್ರಿ. ಪಕ್ಕದಾಗಽ ನಿಂತಿದ್ದೆ."

"ನೀವು ಯಾಕ ಒಪ್ಕೊಂಡ್ರಿ?"

"ನಿಮ್ಮ ಹಾಲ್ ಟಿಕೆಟ್ ಅವರ ಕೈಯಾಗಿತ್ತು. ಪರೀಕ್ಷೆ ಮುಂದಿತ್ತು. ನಂದೇನು, ಒಂದೀಟು ಬೈದು ಬಿಡ್ತಾರ, ಮುಂದಿನ ವರ್ಷ ಮತ್ತ ಕರೀತಾರ ಅಂದ್ಕೊಂಡಿದ್ದೆ. ಕರೀಲಿಲ್ಲ."

ಅವರು ದೊಡ್ಡ ಮನಸ್ಸಿನಿಂದ ಏನಾದರೂ ಅನ್ನುತ್ತಾರೆ, ನನ್ನ ಎದೆಯ ಭಾರ ಇಳಿಯುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಹೇಳಿದ್ದು ಬೇರೆ.

"ಸುಳ್ಳಿಗೆ ನನಗ ಸಿಟ್ಟು ಬರಲಿಲ್ಲ. ಸಣ್ಣಾಕಿ, ಹೆದರಿದಿ. ಆದ್ರ ಬಸ್ ಸ್ಟ್ಯಾಂಡಿನಾಗ ಕೈ ಎತ್ತಿದ್ರ ಮುಖ ತಿರುವಿದಿಯಲ್ಲ, ಅವತ್ತು ಬಂತು ನೋಡು ನಿನ್ನ ಮ್ಯಾಲೆ ಸಿಟ್ಟು. ಎರಡು ವರ್ಷ ಇತ್ತು ಅದು. ನಾನೇನು ಬೈಯಾಕ ಕರದಿದ್ನೇನು? ಪಾಸಾದಿ ಇಲ್ಲೋ ಕೇಳಬೇಕು ಅಂತ ಮಾಡಿದ್ದೆ."

ಅವರು ನನ್ನನ್ನು 'ನೀನು' ಅಂದದ್ದು ಅದೊಂದೇ ಸಲ. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಚಹಾ ಬಂದ ಮೇಲೆ, "ಕುಡೀರಿ, ಆರ್ತೈತಿ," ಎಂದು ಮತ್ತೆ ಬಹುವಚನಕ್ಕೆ ಬಂದರು. ಲೋಟ ಕೆಳಗಿಡುವಾಗ, "ಅಮಾಸಿ ದಿನ ಯಾರೂ ಕೂಲಿಗೆ ಹೋಗೂದಿಲ್ಲ. ಅವತ್ತು ಕರೀರಿ ಸಭೆ," ಅಂದರು.

ಹಳೆಯ ಹಾಜರಾತಿ ಹಾಳೆಯನ್ನು ರದ್ದು ಎಂದು ಬರೆದು ಅಮಾವಾಸ್ಯೆಯ ದಿನ ಸಭೆ ಕರೆದೆ. ಸರ್ ಹೆಂಡತಿ ಓಣಿ ಓಣಿ ತಿರುಗಿ ಹೇಳಿದ್ದರು. ಜಮಖಾನೆ ಸಾಲದೆ ಹೆಣ್ಣುಮಕ್ಕಳು ಮೆಟ್ಟಿಲ ಮೇಲೂ ಕೂತರು. ಅಧ್ಯಕ್ಷೆ ತನ್ನ ಕುರ್ಚಿಯಲ್ಲಿ ತಾನೇ ಕೂತಳು. ನೀರಿನ ಟ್ಯಾಂಕು ಎಲ್ಲಿ ಕಟ್ಟಬೇಕು ಎಂಬ ಒಂದೇ ಮಾತಿಗೆ ಮಧ್ಯಾಹ್ನವಾಯಿತು. ಮತ ಎಣಿಸಿದ ಮೇಲೆ ಸೋತ ಓಣಿಯವರನ್ನು ಎಬ್ಬಿಸಿ ಯಾಕೆ ಎಂದು ಕೇಳಿದೆ. ಒಬ್ಬ ಮುದುಕಿ, "ನಮ್ಮನ್ನ ಕೇಳಿದ್ರಲ್ಲ, ಸಾಕು ಬಿಡ್ರಿ," ಎಂದಳು. "ಸಾಕಾಗೂದಿಲ್ಲವ್ವ, ಹೇಳು," ಎಂದು ಹಿಂದಿನಿಂದ ಸರ್ ಅಂದರು. ಆ ದಿನದ ಪುಸ್ತಕದಲ್ಲಿ ಅವರ ಸಹಿ ಇದೆ.

ಆಮೇಲೆ ಅವರು ಮೂರು ವರ್ಷ ಬದುಕಿದ್ದರು. ಪ್ರತಿ ಸಭೆಗೂ ಬಂದರು, ಮೆಚ್ಚಿದ್ದಕ್ಕಿಂತ ತಪ್ಪು ತೋರಿಸಿದ್ದೇ ಹೆಚ್ಚು. ಕೆಮ್ಮು ಜಾಸ್ತಿಯಾಗಿ ಈ ವರ್ಷ ಹಾಸಿಗೆ ಹಿಡಿದವರು ಏಳಲಿಲ್ಲ.

ಅವರ ನೆನಪಿನ ಸಭೆ ಮನೆಯ ಮುಂದೆಯೇ ನಡೆಯಿತು. ಬುದ್ಧನ ಪಟದ ಪಕ್ಕ ಅವರ ಪಟ, ಮುಂದೆ ಮೇಣದಬತ್ತಿ. ನನಗೂ ಮೈಕು ಕೊಟ್ಟರು. ಪ್ರಬಂಧದ ಸಾಲು ನನ್ನದು, ಸುಳ್ಳೂ ನನ್ನದು, ಕೆಲಸ ಹೋದದ್ದು ಅವರದು ಎಂದು ಎಲ್ಲರ ಮುಂದೆ ಹೇಳಿದೆ. ಹೆಣ್ಣುಮಕ್ಕಳು ಕಣ್ಣು ಒರೆಸಿಕೊಂಡರು. ಒಬ್ಬ ಹಿರಿಯರು ಬಂದು, ದೊಡ್ಡ ಧೈರ್ಯ ಮಾಡಿದ್ರಿ ಅಂದರು. ನನಗೂ ಹಾಗೇ ಅನ್ನಿಸತೊಡಗಿತ್ತು.

ಜನ ಕರಗಿದ ಮೇಲೆ ಸರ್ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲಿ ಹೇಳಿದ್ರಿ. ಇಲ್ಲಿ ಎಲ್ಲರಿಗೂ ಅವರು ಎಂಥವರು ಅಂತ ಗೊತ್ತೈತಿ. ಗೊತ್ತಿಲ್ಲದ ಕಡಿಗೆ ಹೋಗಿ ಹೇಳಬೇಕಿತ್ತು ನೀವು. ಆ ಕಾಲೇಜಿನಾಗ."

ನಾನು ಹೂಂ ಅಂದೆ. ಹೋಗಲು ಹದಿನೆಂಟು ದಿನ ಹಿಡಿಯಿತು.

ಹಳೆಯ ಪ್ರಾಂಶುಪಾಲರು ಎಂದೋ ನಿವೃತ್ತರಾಗಿದ್ದರು. ಈಗಿನವರು ನನ್ನ ವಯಸ್ಸಿನವರೇ. ಎಲ್ಲ ಕೇಳಿ, ಕಡತ ತರಿಸಲು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಸಂಕೋಚದಿಂದ, "ಅತಿಥಿ ಉಪನ್ಯಾಸಕರ ಹಳೆಯ ಪಟ್ಟಿ ಇಟ್ಟಿಲ್ಲ ಮೇಡಂ. ಅವರು ಇಲ್ಲಿ ಪಾಠ ಮಾಡಿದ್ದಕ್ಕೇ ನಮ್ಮಲ್ಲಿ ದಾಖಲೆ ಇಲ್ಲ," ಅಂದರು. ತಿದ್ದಲು ಅಲ್ಲಿ ಏನೂ ಉಳಿದಿರಲಿಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ಹತ್ತು ನಿಮಿಷ ಮಾತಾಡಲು ಬಿಡಿ ಎಂದು ಕೇಳಿಕೊಂಡೆ. ಬಿಟ್ಟರು.

ಮೂವತ್ತು ಮಕ್ಕಳಿದ್ದರು. ಸರ್ ಹೆಸರನ್ನು ಬೋರ್ಡಿನ ಮೇಲೆ ಬರೆದೆ. ಆದದ್ದನ್ನು ಆದ ಹಾಗೆ ಹೇಳಿದೆ. ಚೀಲದಲ್ಲಿದ್ದ ಕರಡಿನ ವಿಷಯವನ್ನೂ ಬಿಡಲಿಲ್ಲ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಅವರು ಇದ್ದಾಗಽ ಇಲ್ಲಿ ಬಂದು ಯಾಕ ಹೇಳಲಿಲ್ರಿ?"

"ನಾಚಿಕಿ ಬರ್ತಿತ್ತು," ಅಂದೆ.

"ಈಗ?"

"ಈಗಲೂ ಬರ್ತೈತಿ."

ಅವಳು ಕೂರಲಿಲ್ಲ. ನಾನು ಇನ್ನೂ ಏನಾದರೂ ಹೇಳುತ್ತೇನೆ ಎಂದು ನಿಂತೇ ಇದ್ದಳು.